ನಿಮ್ಮೂರಲ್ಲೇ ಸ್ಟೀಲ್ ಗಿಟಾರ್ ನುಡಿಸುವವರನ್ನು ಹುಡುಕುವುದು ಹೇಗೆ

ಗಿಟಾರನ್ನು ತೊಡೆ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಸ್ಟೀಲ್ ರಾಡ್ ಹಿಡಿದು ನುಡಿಸುವ ಸ್ಟೀಲ್ ಗಿಟಾರ್ (ಹವಾಯಿಯನ್ ಗಿಟಾರ್ ಅಂತಲೂ ಕರೆಯುತ್ತಾರೆ) ನಿಮ್ಮದಾದರೆ ಒಂದು ಕೊರತೆ ನಿಮ್ಮನ್ನು ಕಾಡಿಯೇ ಇರುತ್ತದೆ. ಜೊತೆಗೆ ಕೂತು ನುಡಿಸಲು ಯಾರೂ ಇಲ್ಲ. ಮಾಮೂಲಿ ಗಿಟಾರ್ ಕಲಿಸುವ ಕ್ಲಾಸು ಬೀದಿಗೊಂದಿದೆ. ಅಲ್ಲಿ ಹೋಗಿ ಕೇಳಿದರೆ "ಹವಾಯಿಯನ್ನಾ? ಅದನ್ನ ಈಗ ಯಾರು ನುಡಿಸ್ತಾರೆ" ಅನ್ನುತ್ತಾರೆ. ಆ ಮಾತನ್ನು ನಂಬಬೇಡಿ. ನುಡಿಸುವವರು ಇದ್ದಾರೆ. ಆದರೆ ಅವರಲ್ಲಿ ಬಹಳ ಜನ ಮನೆಯೊಳಗೇ ನುಡಿಸಿಕೊಂಡಿರುತ್ತಾರೆ, ಇನ್ನು ಕೆಲವರು ಕೆಲಸ, ಮಕ್ಕಳು, ಮನೆ ಅಂತ ನಿಲ್ಲಿಸಿ ಗಿಟಾರನ್ನು ಅಟ್ಟದ ಮೇಲೆ ಹಾಕಿರುತ್ತಾರೆ. ವೇದಿಕೆ ಮೇಲೆ ಕಾಣುವವರು ತುಂಬಾ ಕಮ್ಮಿ.

ಹಾಗಾಗಿ ನುಡಿಸುವವರನ್ನೇ ನೇರವಾಗಿ ಹುಡುಕಿಕೊಂಡು ಹೋದರೆ ಸಿಗುವುದು ಕಷ್ಟ. ಅವರನ್ನು ಬಲ್ಲವರನ್ನು ಹುಡುಕಬೇಕು. ತಬಲ ನುಡಿಸುವವರು, ವಾದ್ಯ ರಿಪೇರಿ ಮಾಡುವವರು, ತಂತಿ ಮಾರುವವರು, ಹಳೇ ಆರ್ಕೆಸ್ಟ್ರಾದವರು. ನನ್ನ ಮಟ್ಟಿಗೆ ಇದೊಂದೇ ದಾರಿ ಸರಿಯಾಗಿ ಕೆಲಸ ಮಾಡುತ್ತದೆ. ಉಳಿದದ್ದೆಲ್ಲ ಇದಕ್ಕೆ ಸಹಾಯ ಅಷ್ಟೇ.

ಮೊದಲು ಬಾಗಿಲನ್ನು ಸ್ವಲ್ಪ ಅಗಲ ಮಾಡಿ

"ನನ್ನ ಹಾಗೇ ಲ್ಯಾಪ್ ಸ್ಟೀಲ್ ನುಡಿಸುವವರೇ ಬೇಕು" ಅಂತ ಕೂತರೆ ನಮ್ಮ ಊರುಗಳಲ್ಲಿ ಒಬ್ಬರೂ ಸಿಗದೇ ಹೋಗಬಹುದು. ಪೆಡಲ್ ಸ್ಟೀಲ್ ಆದರಂತೂ ಇನ್ನೂ ಕಷ್ಟ. ಹತ್ತು ತಂತಿ, ಕಾಲಿಗೆ ಪೆಡಲ್, ಮೊಣಕಾಲಿಗೆ ಲಿವರ್ ಇರುವ ಆ ವಾದ್ಯವನ್ನು ಹೊರದೇಶದಿಂದಲೇ ತರಿಸಬೇಕು, ತೂಕವೂ ಜಾಸ್ತಿ, ಬೆಲೆಯೂ ಜಾಸ್ತಿ. ಅದರ ಬದಲು ತಂತಿಯ ಮೇಲೆ ಏನನ್ನಾದರೂ ಜಾರಿಸಿ ನುಡಿಸುವ ಎಲ್ಲರನ್ನೂ ನಿಮ್ಮವರು ಅಂತ ತಿಳಿದುಕೊಳ್ಳಿ. ಹವಾಯಿಯನ್ ಗಿಟಾರಿನಲ್ಲಿ ಹಳೇ ಸಿನಿಮಾ ಹಾಡು ನುಡಿಸುವವರು, ಹಿಂದೂಸ್ತಾನಿ ಸ್ಲೈಡ್ ಗಿಟಾರ್ ನುಡಿಸುವವರು, ಗಿಟಾರನ್ನೇ ಮಾರ್ಪಡಿಸಿ ಮಾಡಿದ ಮೋಹನ ವೀಣೆಯವರು, ಡೋಬ್ರೋ (ಒಳಗೆ ಲೋಹದ ತಟ್ಟೆ ಇರುವ ಗಿಟಾರ್) ಇಟ್ಟುಕೊಂಡು ಬ್ಲೂಸ್ ನುಡಿಸುವ ಹುಡುಗರು, ಜೊತೆಗೆ ಚಿತ್ರವೀಣೆಯವರು.

ಚಿತ್ರವೀಣೆಯನ್ನು ಸೇರಿಸಿದ್ದು ಸುಮ್ನೆ ಅಲ್ಲ. ಗೋಟುವಾದ್ಯ ಅಂತಲೂ ಕರೆಯುವ ಈ ವಾದ್ಯಕ್ಕೆ ಮೆಟ್ಟಿಲುಗಳಿಲ್ಲ (ಗಿಟಾರಿನಲ್ಲಿ ಫ್ರೆಟ್ ಅನ್ನುವ ಅಡ್ಡಪಟ್ಟಿಗಳು), ಮರದ ಅಥವಾ ಟೆಫ್ಲಾನ್ ಉರುಳೆ ಜಾರಿಸಿ ನುಡಿಸುತ್ತಾರೆ. ಅಂದರೆ ಸ್ವರದ ಜಾಗ ಕಣ್ಣಿಗಿಂತ ಕಿವಿಗೆ ಗೊತ್ತಿರಬೇಕು ಅನ್ನುವ ನಮ್ಮ ಕಷ್ಟವೇ ಅವರದ್ದೂ. ಚಿತ್ರವೀಣೆ ರವಿಕಿರಣ್ ಹುಟ್ಟಿದ್ದು ಮೈಸೂರಿನಲ್ಲಿ, 1967ರಲ್ಲಿ. ನಮ್ಮಲ್ಲಿ ಇದನ್ನು ಕೇಳಿ ಬೆಳೆದವರು, ಕಲಿತವರು ಇದ್ದಾರೆ. ಕರ್ನಾಟಕ ಸಂಗೀತದ ವೀಣೆ ಮೇಷ್ಟ್ರುಗಳನ್ನು ವಿಚಾರಿಸಿದರೆ ಚಿತ್ರವೀಣೆಯವರ ಸುಳಿವು ಬೇಗ ಸಿಗುತ್ತದೆ. ಗಮಕವನ್ನು ರಾಡಿನಲ್ಲಿ ಹೇಗೆ ತೆಗೆಯಬೇಕು ಅನ್ನುವುದನ್ನು ಅವರ ಎದುರು ಕೂತು ನೋಡಿದರೆ ಸಾಕು, ನಿಮ್ಮ ಎಡಗೈ ಬದಲಾಗುತ್ತದೆ.

ತಬಲದವರಿಂದ ಶುರು ಮಾಡಿ

ಒಬ್ಬ ಗಿಟಾರ್ ವಾದಕರಿಗೆ ಇನ್ನೊಬ್ಬ ಗಿಟಾರ್ ವಾದಕರು ಗೊತ್ತಿಲ್ಲದಿರಬಹುದು. ಆದರೆ ಊರಿನ ತಬಲ ವಾದಕರಿಗೆ ಇಬ್ಬರೂ ಗೊತ್ತಿರುತ್ತಾರೆ, ಯಾಕೆಂದರೆ ಇಬ್ಬರಿಗೂ ಸಾಥ್ ಕೊಟ್ಟಿರುತ್ತಾರೆ. ಸುಗಮ ಸಂಗೀತ, ದಾಸರ ಪದ, ಗಜಲ್, ಸಿತಾರ್ ಕಛೇರಿ, ಗಣೇಶನ ಹಬ್ಬದ ಆರ್ಕೆಸ್ಟ್ರಾ, ಎಲ್ಲಾ ಕಡೆ ಅವರೇ. ಅದಕ್ಕೇ ನಾನು ಯಾವ ಊರಿನವರಿಗಾದರೂ ಮೊದಲು ಹೇಳುವುದು, ಒಬ್ಬ ಹಿರಿಯ ತಬಲ ಮೇಷ್ಟ್ರನ್ನು ಹೋಗಿ ಮಾತಾಡಿಸಿ ಅಂತ.

ಕೇಳುವ ರೀತಿ ಮುಖ್ಯ. "ಸ್ಟೀಲ್ ಗಿಟಾರ್ ನುಡಿಸುವವರು ಯಾರಾದರೂ ಗೊತ್ತಾ ಸರ್" ಅಂದರೆ ಅವರಿಗೆ ಸ್ಟೀಲ್ ತಂತಿ ಹಾಕಿದ ಮಾಮೂಲಿ ಗಿಟಾರ್ ನೆನಪಿಗೆ ಬರುತ್ತದೆ. "ಗಿಟಾರ್ ಮಲಗಿಸಿಕೊಂಡು, ರಾಡ್ ಹಿಡಿದು ನುಡಿಸುತ್ತಾರಲ್ಲ ಸರ್, ಅಂಥವರಿಗೆ ನೀವು ಯಾವಾಗಲಾದರೂ ನುಡಿಸಿದ್ದೀರಾ" ಅಂತ ಕೇಳಿ, ಕೈಯಲ್ಲಿ ಮಾಡಿ ತೋರಿಸಿ. ಆಗ ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಿಂದೆ ಒಬ್ಬರಿದ್ದರು, ಬ್ಯಾಂಕಲ್ಲಿದ್ದರು" ಅಂತ ಶುರು ಮಾಡುತ್ತಾರೆ. ಈ ವಾದ್ಯದವರಲ್ಲಿ ಬ್ಯಾಂಕು, ರೈಲ್ವೆ, ಟೆಲಿಫೋನ್ ಇಲಾಖೆ, ಸರ್ಕಾರಿ ಕಾರ್ಖಾನೆ ಕಡೆಯ ನಿವೃತ್ತರು ಆಗಾಗ ಸಿಗುತ್ತಾರೆ. ಹಾಗಾಗಿ ಬೆಂಗಳೂರಿನಲ್ಲಿ ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ನಂಥ ಕಾರ್ಖಾನೆಗಳ ಕಾಲೋನಿಗಳ ಲಲಿತಕಲಾ ಸಂಘಗಳನ್ನು, ನಿವೃತ್ತರ ಸಂಘಗಳನ್ನು ಮರೆಯದೆ ವಿಚಾರಿಸಿ.

ತಬಲದವರು ಆದಮೇಲೆ ರಿಪೇರಿಯವರು. ಸ್ಟೀಲ್ ಗಿಟಾರಿಗೆ ನಟ್, ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ, ಎತ್ತರ ಇರಬೇಕು, ಇಲ್ಲದಿದ್ದರೆ ರಾಡ್ ಫ್ರೆಟ್ಟಿಗೆ ಬಡಿಯುತ್ತದೆ. ಮಾಮೂಲಿ ಗಿಟಾರನ್ನು ಹವಾಯಿಯನ್ ಮಾಡಿಕೊಳ್ಳಲು ಈ ಕೆಲಸಕ್ಕೇ ಜನ ಅಂಗಡಿಗೆ ಬರುವುದು. "ನಟ್ ಎತ್ತರ ಮಾಡಿಸಿಕೊಂಡು ಹೋದವರು ಯಾರಾದರೂ ಇದ್ದಾರಾ" ಅನ್ನುವ ಒಂದು ಪ್ರಶ್ನೆ ನಿಮ್ಮ ಹುಡುಕಾಟವನ್ನು ಎಷ್ಟೋ ಚಿಕ್ಕದು ಮಾಡುತ್ತದೆ. ಬೆಂಗಳೂರಿನಲ್ಲಾದರೆ ಬಳೇಪೇಟೆಯ ವಾದ್ಯದ ಅಂಗಡಿಗಳಲ್ಲಿ ನಿಧಾನವಾಗಿ ಒಂದು ಸುತ್ತು ಹಾಕಿ. ಶನಿವಾರ ಸಂಜೆ ಹೋಗಬೇಡಿ, ಗಿರಾಕಿ ಜಾಸ್ತಿ ಇರುತ್ತಾರೆ. ವಾರದ ಮಧ್ಯೆ ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋದರೆ ಕೂರಿಸಿ ಮಾತಾಡುತ್ತಾರೆ. ಬರಿಗೈಲಿ ಹೋಗುವುದಕ್ಕಿಂತ ಒಂದು ಸೆಟ್ ತಂತಿಯನ್ನೋ ಫಿಂಗರ್ ಪಿಕ್ಕನ್ನೋ ಕೊಂಡು, ನಿಮ್ಮ ಹೆಸರು, ನಂಬರ್ ಬರೆದ ಚೀಟಿ ಕೊಟ್ಟು ಬನ್ನಿ. ಗಿರಾಕಿಯ ನಂಬರನ್ನು ಅಂಗಡಿಯವರು ನಿಮಗೆ ಕೊಡಲಿಕ್ಕಿಲ್ಲ, ಕೊಡಬಾರದು ಕೂಡ. ಆದರೆ ನಿಮ್ಮ ನಂಬರನ್ನು ಅವರಿಗೆ ದಾಟಿಸಲು ಯಾರೂ ಬೇಡ ಅನ್ನುವುದಿಲ್ಲ.

ಉತ್ತರ ಕರ್ನಾಟಕದವರಿಗೆ ಇನ್ನೊಂದು ಅನುಕೂಲ ಇದೆ. ಮಿರಜ್ ಹತ್ತಿರ. ಸಿತಾರ್, ತಾನ್‌ಪುರ ಮಾಡುವ ಮನೆತನಗಳ ಊರು ಅದು. ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಕಡೆಯ ಸಂಗೀತಗಾರರು ವಾದ್ಯ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಲೇ ಇರುತ್ತಾರೆ. ಗಿಟಾರಿಗೆ ತರಬ್ ತಂತಿ (ಮೀಟದೆಯೇ ಜೊತೆಗೆ ಅನುರಣಿಸುವ ತಂತಿ) ಹಾಕಿಸಿಕೊಳ್ಳಬೇಕು ಅನ್ನುವವರು ಹೋಗಿ ನಿಲ್ಲುವುದು ಸಿತಾರ್ ಕೆಲಸಗಾರರ ಹತ್ತಿರವೇ. ಅಲ್ಲಿ "ನಮ್ಮ ಕಡೆಯವರು ಯಾರಾದರೂ ಗಿಟಾರ್ ತಂದಿದ್ರಾ" ಅಂತ ಒಂದು ಮಾತು ಕೇಳಿ ನೋಡಿ. ಧಾರವಾಡದಲ್ಲಂತೂ ಸಿತಾರ್ ಕಲಿಸುವ ಮನೆಗಳು ಇನ್ನೂ ಚೆನ್ನಾಗಿವೆ, ಆ ಗುರುಗಳನ್ನು ಕಂಡರೂ ಆದೀತು.

ಬಂಗಾಳಿ ಸಂಘಗಳನ್ನು ಬಿಡಬೇಡಿ

ಇದು ನಮ್ಮಲ್ಲಿ ಬಹಳ ಜನರಿಗೆ ಹೊಳೆಯದ ದಾರಿ. ಆದರೆ ಇದಕ್ಕೆ ಗಟ್ಟಿ ಕಾರಣ ಇದೆ. ಸ್ಟೀಲ್ ಗಿಟಾರ್ ಹುಟ್ಟಿದ್ದು ಹವಾಯಿಯಲ್ಲಿ, 1880ರ ದಶಕದ ಕೊನೆಯ ಹೊತ್ತಿಗೆ. ಜೋಸೆಫ್ ಕೆಕುಕು ಅನ್ನುವ ಹುಡುಗ ತಂತಿ ಮೇಲೆ ಲೋಹದ ತುಂಡು ಜಾರಿಸಿ ನುಡಿಸುವುದನ್ನು ರೂಢಿಗೆ ತಂದ ಅಂತ ಹೇಳುತ್ತಾರೆ. ಅಲ್ಲಿಂದ ಹವಾಯಿಯ ಕಲಾವಿದರು ಊರೂರು ತಿರುಗಿದರು. ಅವರಲ್ಲಿ ಟಾವ್ ಮೋ ಅನ್ನುವವರು 1940ರ ದಶಕದಲ್ಲಿ ಮನೆಮಂದಿ ಸಮೇತ ಕಲ್ಕತ್ತದಲ್ಲೇ ನೆಲೆಸಿ ನುಡಿಸಿದರು, ಕಲಿಸಿದರು. ಆಮೇಲೆ ಆ ಊರು ಈ ವಾದ್ಯವನ್ನು ಬಿಡಲಿಲ್ಲ. ಕವಿ ನಜ್ರುಲ್ ಇಸ್ಲಾಮರ ಮಗ ಕಾಜಿ ಅನಿರುದ್ಧ, ಸುನಿಲ್ ಗಂಗೂಲಿ, ಬಟುಕ್ ನಂದಿ ಅಂಥವರ ಗಿಟಾರ್ ರೆಕಾರ್ಡುಗಳು ಮನೆಮನೆ ಸೇರಿದವು. ಮಕ್ಕಳಿಗೆ ಹವಾಯಿಯನ್ ಗಿಟಾರ್ ಕಲಿಸುವುದು, ಅದರಲ್ಲಿ ಸಂಗೀತ ಪರೀಕ್ಷೆ ಕಟ್ಟಿಸುವುದು ಅಲ್ಲಿನ ಮಧ್ಯಮ ವರ್ಗದ ಮನೆಗಳಲ್ಲಿ ಮಾಮೂಲಾಯಿತು. ಇವತ್ತಿನ ದೊಡ್ಡ ಸ್ಲೈಡ್ ವಾದಕರಲ್ಲಿ ಒಬ್ಬರಾದ ದೇಬಾಶಿಶ್ ಭಟ್ಟಾಚಾರ್ಯ ಕೂಡ ಕೋಲ್ಕತ್ತದವರೇ.

ಈಗ ಯೋಚಿಸಿ. ಬೆಂಗಳೂರಿಗೆ ಕೆಲಸಕ್ಕೆ ಅಂತ ಬಂದ ಬಂಗಾಳಿ ಕುಟುಂಬಗಳು ಎಷ್ಟಿವೆ? ಅವರ ಅಪ್ಪ, ಅಮ್ಮ, ಚಿಕ್ಕಮ್ಮಂದಿರಲ್ಲಿ ಈ ಗಿಟಾರ್ ಕಲಿತವರು ಎಷ್ಟು ಜನ ಇರಬಹುದು? ಅದರಲ್ಲೂ ಹೆಂಗಸರು. ಮಕ್ಕಳ ಜೊತೆ ಇರಲು ಬೆಂಗಳೂರಿಗೆ ಬಂದು, ಅಪಾರ್ಟ್‌ಮೆಂಟಿನಲ್ಲಿ ದಿನ ಕಳೆಯುವ ಹಿರಿಯರಲ್ಲಿ ರವೀಂದ್ರ ಸಂಗೀತವನ್ನು ಗಿಟಾರಿನಲ್ಲಿ ಸೊಗಸಾಗಿ ನುಡಿಸುವವರು ಇದ್ದಾರೆ, ಅಕ್ಕಪಕ್ಕದವರಿಗೇ ಗೊತ್ತಿರುವುದಿಲ್ಲ. ದುರ್ಗಾಪೂಜೆ ಸಮಯದಲ್ಲಿ ಪೆಂಡಾಲಿಗೆ ಹೋಗಿ, ಸಂಜೆಯ ಸಾಂಸ್ಕೃತಿಕ ಕಾರ್ಯಕ್ರಮ ನೋಡಿಕೊಳ್ಳುವವರನ್ನು ಕೇಳಿ. ಮಿಕ್ಕ ದಿನಗಳಲ್ಲಾದರೆ ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲೇ ಕೇಳಬಹುದು. ಭಾಷೆ ಅಡ್ಡ ಬರುತ್ತೆ ಅಂತ ಹಿಂಜರಿಯಬೇಡಿ, ಇಬ್ಬರ ತೊಡೆ ಮೇಲೂ ಗಿಟಾರ್ ಬಂದಮೇಲೆ ಮಾತು ಎಷ್ಟು ಬೇಕಾಗುತ್ತೆ ಹೇಳಿ.

ಬೆಂಗಳೂರಿನಲ್ಲೇ ಇನ್ನೊಂದು ಬಳಗ ಆಂಗ್ಲೋ ಇಂಡಿಯನ್ನರದು. ಕುಕ್ ಟೌನ್, ಕಾಕ್ಸ್ ಟೌನ್, ಲಿಂಗರಾಜಪುರ, ವೈಟ್‌ಫೀಲ್ಡ್ ಕಡೆ ಕಂಟ್ರಿ ಸಂಗೀತ ಅಂದರೆ ಪ್ರಾಣ ಬಿಡುವ ಹಿರಿಯರಿದ್ದಾರೆ. ಕಂಟ್ರಿ ಹಾಡಿನಲ್ಲಿ ಹಿಂದೆ ಅಳುವ ಹಾಗೆ ಕೇಳುವ ಆ ದನಿ ಸ್ಟೀಲ್ ಗಿಟಾರಿನದೇ ಅನ್ನುವುದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಚರ್ಚಿನ ಗಾಯನ ತಂಡದವರ ಮೂಲಕ ಕೇಳುವುದು ಸುಲಭ. ಮಂಗಳೂರಿನಲ್ಲಿ ಕೊಂಕಣಿ ಬ್ಯಾಂಡುಗಳವರನ್ನೂ, ಶಕ್ತಿನಗರದ ಕಲಾಂಗಣದಲ್ಲಿ ಕಾರ್ಯಕ್ರಮ ನಡೆಸುವ ಕೊಂಕಣಿ ಸಂಸ್ಥೆ ಮಾಂಡ್ ಸೊಭಾಣ್‌ನವರನ್ನೂ ವಿಚಾರಿಸಿ. ಕರಾವಳಿಯ ಗಿಟಾರ್ ಲೋಕ ಅವರಿಗೆ ಗೊತ್ತು.

ಕಛೇರಿಗಳಿಗೆ ಹೋಗುವುದನ್ನು ಬೇರೆ ಹೇಳಬೇಕಾಗಿಲ್ಲ. ಊರಿಗೆ ಯಾರಾದರೂ ಸ್ಲೈಡ್ ಗಿಟಾರ್ ಕಲಾವಿದರು ಬಂದರೆ ತಪ್ಪಿಸಬೇಡಿ. ವಿಶ್ವಮೋಹನ ಭಟ್ಟರು 1994ರಲ್ಲಿ ಗ್ರ್ಯಾಮಿ ಪಡೆದಮೇಲೆ ಈ ವಾದ್ಯಕ್ಕೆ ಹೊಸ ಕೇಳುಗರು ಹುಟ್ಟಿಕೊಂಡರು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರಂಥ ಕಲಾವಿದರು ನಮ್ಮ ನಡುವೆಯೇ ಇದ್ದಾರೆ. ಇಂಥ ಕಛೇರಿ ಮುಗಿದಮೇಲೆ ವೇದಿಕೆಯ ಹತ್ತಿರ ಹೋಗಿ ಕಲಾವಿದರ ಜೊತೆ ಸೆಲ್ಫಿ ತೆಗೆಸಿಕೊಳ್ಳುವವರನ್ನಲ್ಲ, ವಾದ್ಯವನ್ನು ಬಗ್ಗಿ ನೋಡುವವರನ್ನು ಗಮನಿಸಿ. ರಾಡ್ ಯಾವುದು, ತಂತಿ ಎಷ್ಟು ದಪ್ಪ, ನಟ್ ಎಷ್ಟು ಎತ್ತರ ಅಂತ ನೋಡುವವರು ನುಡಿಸುವವರೇ ಆಗಿರುತ್ತಾರೆ. ಅಲ್ಲೇ ಮಾತಾಡಿಸಿ.

ಹಳೇ ಸಾಮಾನು ಮಾರುವ ಆ್ಯಪ್‌ಗಳಲ್ಲಿ "ಹವಾಯಿಯನ್ ಗಿಟಾರ್" ಅಂತ ಹುಡುಕುತ್ತಿರಿ. ಕೊಳ್ಳುವುದಕ್ಕೆ ಅಂತಲೇ ಅಲ್ಲ. ಮಾರುವವರು ಹೆಚ್ಚಾಗಿ ಮಗನೋ ಮಗಳೋ ಆಗಿರುತ್ತಾರೆ. "ಇದನ್ನ ನುಡಿಸುತ್ತಿದ್ದವರು ಯಾರು" ಅಂತ ಕೇಳಿ. "ಅಪ್ಪ ನುಡಿಸ್ತಿದ್ರು, ಈಗ ಬಿಟ್ಟಿದ್ದಾರೆ" ಅಂತ ಉತ್ತರ ಬಂದರೆ ಗಿಟಾರ್ ಮಾರಬೇಡಿ ಅಂತ ಕೇಳಿಕೊಳ್ಳಿ, ಅಪ್ಪನನ್ನು ನೋಡಲು ಬರಬಹುದಾ ಅಂತ ಕೇಳಿ.

ಗುಂಪುಗಳಲ್ಲಿ ಹಾಕುವ ಸಂದೇಶ ಚಿಕ್ಕದಾಗಿರಲಿ, ಊರು ಬಡಾವಣೆ ಸ್ಪಷ್ಟವಾಗಿರಲಿ. ಈ ರೀತಿ ಬರೆದರೆ ಸಾಕು: "ನಮಸ್ಕಾರ. ನಾನು ಮೈಸೂರಿನ ಕುವೆಂಪುನಗರದಲ್ಲಿದ್ದೇನೆ. ಗಿಟಾರ್ ಮಲಗಿಸಿ, ರಾಡ್ ಹಿಡಿದು ನುಡಿಸುತ್ತೇನೆ. ಹಳೇ ಕನ್ನಡ ಹಾಡು, ಸ್ವಲ್ಪ ಹಿಂದೂಸ್ತಾನಿ. ಹೀಗೆ ನುಡಿಸುವವರು, ಹಿಂದೆ ನುಡಿಸಿ ಬಿಟ್ಟವರು ನಿಮ್ಮ ಮನೆಯಲ್ಲಿ ಅಥವಾ ಪರಿಚಯದಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ತಿಂಗಳಿಗೊಮ್ಮೆ ಕೂತು ನುಡಿಸುವ ಆಸೆ." ಇದರ ಜೊತೆ ನೀವು ನುಡಿಸುತ್ತಿರುವ ಒಂದು ನಿಮಿಷದ ವಿಡಿಯೋ ಹಾಕಿ. "ಹಿಂದೆ ನುಡಿಸಿ ಬಿಟ್ಟವರು" ಅನ್ನುವ ಮಾತನ್ನು ಮಾತ್ರ ಬಿಡಬೇಡಿ. ಜಾಸ್ತಿ ಜನ ಇರುವುದು ಅಲ್ಲೇ.

ಬಿಟ್ಟವರನ್ನು ಮತ್ತೆ ನುಡಿಸುವ ಹಾಗೆ ಮಾಡುವುದು

ನನಗೆ ಈ ಇಡೀ ವಿಷಯದಲ್ಲಿ ತುಂಬಾ ಮುಖ್ಯ ಅನಿಸುವುದು ಇದೇ. ಎಪ್ಪತ್ತು ದಾಟಿದ ಒಬ್ಬ ಹಿರಿಯರ ನಂಬರ್ ಸಿಕ್ಕಿತು ಅಂದುಕೊಳ್ಳಿ. ಫೋನ್ ಮಾಡಿ "ಬನ್ನಿ ಸರ್, ಜಾಮ್ ಮಾಡೋಣ" ಅಂದರೆ ಆಗುವುದಿಲ್ಲ. "ಅಯ್ಯೋ, ಎಲ್ಲಾ ಮರೆತುಹೋಗಿದೆ ಕಣಪ್ಪ" ಅನ್ನುತ್ತಾರೆ. ನೀವೇ ಅವರ ಮನೆಗೆ ಹೋಗಿ. ಮೊದಲ ದಿನ ನುಡಿಸಿ ತೋರಿಸಿ ಅಂತ ಕೇಳಬೇಡಿ. ಯಾರ ಹತ್ತಿರ ಕಲಿತಿರಿ, ಯಾವ ಹಾಡು ನುಡಿಸುತ್ತಿದ್ದಿರಿ, ಯಾವ ಆರ್ಕೆಸ್ಟ್ರಾದಲ್ಲಿದ್ದಿರಿ ಅಂತ ಕೇಳಿ. ಹಳೇ ಗಿಟಾರ್ ಇದೆಯಾ ಅಂತ ಕೇಳಿದರೆ ಅವರೇ ತೆಗೆದು ತೋರಿಸುತ್ತಾರೆ. ತಂತಿ ತುಕ್ಕು ಹಿಡಿದಿರುತ್ತದೆ. ತುಕ್ಕು ಹಿಡಿದ ತಂತಿಯ ಮೇಲೆ ರಾಡ್ ಜಾರಿಸಿದರೆ ಕರಕರ ಅನ್ನುತ್ತದೆ, ಅವರಿಗೆ ಬೇಜಾರಾಗಿ ಮತ್ತೆ ಒಳಗಿಡುತ್ತಾರೆ. ಹಾಗಾಗಿ ಹೋಗುವಾಗಲೇ ಒಂದು ಹೊಸ ಸೆಟ್ ತಂತಿ, ಒಂದು ವೈರ್ ಕಟರ್, ಸ್ವಲ್ಪ ಮಷಿನ್ ಎಣ್ಣೆ ತೆಗೆದುಕೊಂಡು ಹೋಗಿ. ಕಿವಿಗಳು, ಅಂದರೆ ತಂತಿ ಬಿಗಿಯುವ ಗೂಟಗಳು, ಜಾಮ್ ಆಗಿದ್ದರೆ ಒಂದೊಂದು ಹನಿ ಬಿಡಿ. ಬ್ರಿಡ್ಜ್, ಅಂದರೆ ತಂತಿಗಳ ಕೆಳತುದಿ ಕೂರುವ ಪಟ್ಟಿಯ ಕಡೆ ಮರ ಮೇಲೆದ್ದಿದೆಯಾ ನೋಡಿ. ಎದ್ದಿದ್ದರೆ ತಂತಿಯನ್ನು ಪೂರ್ತಿ ಬಿಗಿಯಬೇಡಿ, ಮೊದಲು ರಿಪೇರಿಗೆ ಕೊಡಿಸಿ. ಎಲ್ಲಾ ಸರಿ ಇದ್ದರೆ ಅವರ ಎದುರೇ ಕೂತು ತಂತಿ ಹಾಕಿ, ಶ್ರುತಿ ಮಾಡಿ, ರಾಡನ್ನು ಅವರ ಕೈಗೆ ಕೊಡಿ.

ಬೆರಳು ನೋಯುವವರಿದ್ದರೆ ತೆಳು ತಂತಿ ಹಾಕಿ, ಹಗುರವಾದ ರಾಡ್ ಕೊಡಿ. ಈ ವಾದ್ಯದಲ್ಲಿ ಎಡಗೈ ಬೆರಳಿನಿಂದ ತಂತಿ ಒತ್ತುವ ಕೆಲಸವೇ ಇಲ್ಲ ಅನ್ನುವುದು ವಯಸ್ಸಾದವರಿಗೆ ದೊಡ್ಡ ವರ. ಅವರ ಮನೆಯವರಿಗೂ ಇದನ್ನು ಹೇಳಿ.

ಸೇರುವ ಮೊದಲು ಶ್ರುತಿ ಕೇಳಿಕೊಳ್ಳಿ

ಜನ ಸಿಕ್ಕಮೇಲೆ ಮೊದಲ ಸಭೆ ಹಾಳಾಗುವುದು ಶ್ರುತಿಯಿಂದಲೇ. ನಾಲ್ಕು ಜನ ಸೇರಿದರೆ ನಾಲ್ಕು ರೀತಿ ಕೂಡಿಸಿರುತ್ತಾರೆ. ಆರು ತಂತಿಯನ್ನು ದಪ್ಪದಿಂದ ತೆಳುವಿಗೆ ಹೇಳುವುದಾದರೆ, ಓಪನ್ ಡಿ ಅಥವಾ ಓಪನ್ ಇ (ತಂತಿ ಒತ್ತದೆ ಮೀಟಿದರೇ ಡಿ ಅಥವಾ ಇ ಮೇಜರ್ ಕಾರ್ಡ್ ಕೇಳುವ ಶ್ರುತಿ) ಇಟ್ಟುಕೊಂಡವರದ್ದು ಸ ಪ ಸ ಗ ಪ ಸ. ಹಳೇ ಹವಾಯಿಯನ್ ಎ ಶ್ರುತಿಯವರದ್ದು ಪ ಸ ಪ ಸ ಗ ಪ. ಪಾಶ್ಚಾತ್ಯ ಲ್ಯಾಪ್ ಸ್ಟೀಲಿನ ಸಿ ಸಿಕ್ಸ್ ಶ್ರುತಿ ಆದರೆ ಸ ಗ ಪ ಧ ಸ ಗ. ಫೋನಿನಲ್ಲೇ ಇದನ್ನು ಕೇಳಿ ಬರೆದಿಟ್ಟುಕೊಳ್ಳಿ.

ಎಲ್ಲರೂ ಒಂದೇ ಶ್ರುತಿಗೆ ಬರಬೇಕು ಅನ್ನುವುದಾದರೆ ನಾನು ಓಪನ್ ಡಿ ಅನ್ನುತ್ತೇನೆ. ಕಾರಣ ಸರಳ. ಮಾಮೂಲಿ ಗಿಟಾರ್ ಶ್ರುತಿಯಿಂದ ಡಿಗೆ ಬರುವಾಗ ಯಾವ ತಂತಿಯನ್ನೂ ಏರಿಸಬೇಕಾಗಿಲ್ಲ. ಎರಡು ತಂತಿ ಇದ್ದಲ್ಲೇ ಇರುತ್ತವೆ, ನಾಲ್ಕು ಕೆಳಗಿಳಿಯುತ್ತವೆ. ಹಳೇ ಗಿಟಾರಿನ ಕುತ್ತಿಗೆಗೆ ಅಪಾಯ ಇಲ್ಲ. ಓಪನ್ ಇ ಅಥವಾ ಎ ಮಾಡಲು ಹೋದರೆ ಮೂರು ತಂತಿ ಬಿಗಿಯಾಗುತ್ತವೆ, ಮುದಿ ಗಿಟಾರಿಗೆ ಅದು ಬೇಡ. ಹಿಂದೂಸ್ತಾನಿ ನುಡಿಸುವವರಲ್ಲೂ ಡಿ ಷಡ್ಜ ಇಟ್ಟುಕೊಂಡವರು ಇರುತ್ತಾರೆ, ಅವರ ತಬಲವೂ ಹೊಂದುತ್ತದೆ. ಸಿ ಸಿಕ್ಸ್‌ನವರನ್ನು ಮಾತ್ರ ಬದಲಿಸಿ ಅಂತ ಒತ್ತಾಯ ಮಾಡಬೇಡಿ, ಅವರ ಕೈಯ ಲೆಕ್ಕವೆಲ್ಲ ಆ ಶ್ರುತಿಯಲ್ಲಿದೆ. ಅವರು ತಮ್ಮ ಶ್ರುತಿಯಲ್ಲೇ ಇದ್ದುಕೊಂಡು ಡಿಯಲ್ಲಿ ನುಡಿಸಬಲ್ಲರು.

ಜಾಗಕ್ಕೆ ದೊಡ್ಡ ಹಾಲ್ ಏನೂ ಬೇಡ. ಒಬ್ಬರ ಮನೆ ಹಾಲು, ಸಂಗೀತ ಶಾಲೆಯ ಒಂದು ಕೋಣೆ, ಇಷ್ಟು ಸಾಕು. ಕೈ ಇಲ್ಲದ ಕುರ್ಚಿಗಳು ಇರಬೇಕು, ಇದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಕೈ ಇರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗಿಟಾರ್ ಮಲಗುವುದೇ ಇಲ್ಲ. ಎಲೆಕ್ಟ್ರಿಕ್ ತರುವವರಿದ್ದರೆ ಒಂದು ಸಣ್ಣ ಆಂಪ್ಲಿಫೈಯರ್, ಉದ್ದದ ಎಕ್ಸ್‌ಟೆನ್ಷನ್ ಬೋರ್ಡ್. ವಾಲ್ಯೂಮನ್ನು ಅಕೌಸ್ಟಿಕ್ ಗಿಟಾರಿನ ಮಟ್ಟಕ್ಕೆ ಇಟ್ಟುಕೊಳ್ಳಿ.

ನುಡಿಸುವಾಗ ಎಲ್ಲರೂ ಒಟ್ಟಿಗೆ ರಾಗ ನುಡಿಸಲು ಹೋಗಬೇಡಿ. ಫ್ರೆಟ್ ಇಲ್ಲದ ಹಾಗೆ ನುಡಿಸುವ ವಾದ್ಯ, ಇಬ್ಬರ ಸ್ವರ ಕೂದಲೆಳೆಯಷ್ಟು ಆಚೀಚೆ ಆದರೂ ಕಿವಿಗೆ ಚುಚ್ಚುತ್ತದೆ. ತಾನ್‌ಪುರ ಆ್ಯಪ್ ಹಾಕಿ, ಒಬ್ಬರು ಹಾಡಿನ ಮಟ್ಟು ನುಡಿಸಲಿ, ಇನ್ನೊಬ್ಬರು ಕೆಳಗಿನ ತಂತಿಗಳಲ್ಲಿ ತಾಳಕ್ಕೆ ಮೀಟು ಕೊಡಲಿ, ಆಮೇಲೆ ಅದಲುಬದಲು. ಎಲ್ಲರಿಗೂ ಗೊತ್ತಿರುವ ಒಂದು ನಿಧಾನದ ಹಾಡನ್ನು ಮೊದಲೇ ಆರಿಸಿ ತಿಳಿಸಿಬಿಡಿ. ಭಾವಗೀತೆಗಳು ಇದಕ್ಕೆ ಚೆನ್ನ, ಎಳೆದು ನುಡಿಸಲು ಜಾಗ ಇರುತ್ತದೆ. ಅರ್ಧ ಹೊತ್ತು ನುಡಿಸಿ, ಇನ್ನರ್ಧ ಹೊತ್ತು ಒಬ್ಬರ ವಾದ್ಯ ಇನ್ನೊಬ್ಬರು ನೋಡಿ, ರಾಡ್ ಬದಲಾಯಿಸಿ ನುಡಿಸಿ ನೋಡಿ. ಕಾಫಿ ತಿಂಡಿಗೆ ಸಮಯ ಇರಲಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಕಷ್ಟ ಅಷ್ಟಿಲ್ಲ. ಅಲ್ಲಿ ಹಲವು ರಾಜ್ಯಗಳಲ್ಲಿ ಸ್ಟೀಲ್ ಗಿಟಾರಿನವರದ್ದೇ ಸಂಘಗಳಿವೆ. ಟೆಕ್ಸಾಸಿನ ಸ್ಟೀಲ್ ಗಿಟಾರ್ ಸಂಘ ದೊಡ್ಡ ಸಮಾವೇಶ ನಡೆಸಿಕೊಂಡು ಬಂದಿದೆ, ಹವಾಯಿ ಶೈಲಿಯವರಿಗೆ 1985ರಲ್ಲಿ ಶುರುವಾದ ಸಂಘ ಬೇರೆ ಇದೆ. ಡಾಲಸ್ ಕಡೆ ಇರುವವರು ಒಮ್ಮೆ ಹೋಗಿ ಬನ್ನಿ. ಊರಿಗೆ ಬರುವಾಗ ಇಲ್ಲಿನವರಿಗೆ ಒಳ್ಳೇ ರಾಡು, ಪಿಕ್ಕು, ದಪ್ಪ ತಂತಿ ತಂದುಕೊಟ್ಟರೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

ಮೊದಲ ಸಭೆಗೆ ಇಬ್ಬರೇ ಬಂದರೂ ನಡೆಸಿ. ಏಳುವ ಮೊದಲು ಮುಂದಿನ ದಿನಾಂಕ ನಿಗದಿ ಮಾಡಿ, "ಆಮೇಲೆ ನೋಡೋಣ" ಅಂದರೆ ಆ ಆಮೇಲೆ ಬರುವುದಿಲ್ಲ. ತಿಂಗಳ ಎರಡನೇ ಭಾನುವಾರ ಅಂತ ಒಂದು ದಿನ ಗೊತ್ತು ಮಾಡಿಬಿಟ್ಟರೆ ನೆನಪಿಡುವುದು ಸುಲಭ. ಯಾರಿಗೆ ಯಾವ ತಂತಿ ಬೇಕು ಅಂತ ಆವತ್ತೇ ಪಟ್ಟಿ ಮಾಡಿ ಒಟ್ಟಿಗೆ ತರಿಸಿ, ತಂದವರ ಹತ್ತಿರ ಇಸ್ಕೊಳ್ಳುವುದಕ್ಕಾದರೂ ಎಲ್ಲರೂ ಮುಂದಿನ ಸಲ ಬರುತ್ತಾರೆ.